ಸಿಡಿಯಿಂದ ಇಳಿಸಿದ ಆಲ್ಬಮ್: ಒಂದೇ ಫೈಲೋ, ಹಾಡಿಗೊಂದು ಫೈಲೋ?

ಹಳೇ ಸಿಡಿಗಳನ್ನು ಕಂಪ್ಯೂಟರಿಗೆ ಇಳಿಸಲು ಕೂತವರು ಮೂರನೆಯದೋ ನಾಲ್ಕನೆಯದೋ ಡಿಸ್ಕಿಗೆ ಬರುವ ಹೊತ್ತಿಗೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಇಡೀ ಆಲ್ಬಮ್ಮನ್ನು ಒಂದು ಉದ್ದನೆಯ ಫೈಲ್ ಮಾಡಿ ಇಡೋದಾ, ಇಲ್ಲ ಹಾಡಿಗೊಂದು ಫೈಲ್ ಮಾಡೋದಾ? ಇದನ್ನೇ ಬೇರೆ ಬೇರೆ ರೀತಿಯಲ್ಲೂ ಕೇಳುತ್ತಾರೆ. "ಕಛೇರಿ ಕೇಳುವಾಗ ನಡುವೆ ಟಕ್ ಅಂತ ನಿಲ್ಲುತ್ತೆ, ಏಕೆ?" "ಫೋನಿಗೆ ಹಾಕಿದರೆ ಅರವತ್ತು ನಿಮಿಷದ ಒಂದೇ ಹಾಡು ತೋರಿಸುತ್ತೆ, ಏನು ಮಾಡಲಿ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಡಿಗೊಂದು ಫೈಲ್ ಮಾಡಿ, ಫ್ಲ್ಯಾಕ್‌ನಲ್ಲಿ. ಜೊತೆಗೆ ಡಿಸ್ಕಿನ ಕ್ಯೂ ಶೀಟ್ (ಹಾಡುಗಳು ಶುರುವಾಗುವ ಜಾಗಗಳ ಪಟ್ಟಿ) ಮತ್ತು ಲಾಗ್ ಇಟ್ಟುಕೊಳ್ಳಿ, ಪದಗಳ ಅರ್ಥ ಮುಂದೆ ಇದೆ. ಒಂದೇ ಫೈಲ್ ಬೇಕಾಗುವ ಡಿಸ್ಕುಗಳೂ ಇವೆ, ಆದರೆ ಕಡಿಮೆ. ತಪ್ಪು ಆರಿಸಿದೆ ಅನಿಸಿದರೂ ಗಾಬರಿ ಬೇಡ. ಕ್ಯೂ ಶೀಟ್ ಇದ್ದರೆ ಇವತ್ತಿನ ಒಂದು ಫೈಲನ್ನು ನಾಳೆ ಹತ್ತು ತುಂಡು ಮಾಡಬಹುದು, ಹತ್ತು ತುಂಡನ್ನು ಮತ್ತೆ ಒಂದು ಮಾಡಬಹುದು. ಧ್ವನಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ. ಸರಿಪಡಿಸಲಾಗದ ತಪ್ಪುಗಳು ಬೇರೆಯೇ ಇವೆ. ಕೆಟ್ಟ ರಿಪ್ ಮಾಡಿ ಸಿಡಿ ಬಿಸಾಡುವುದು, ಮೊದಲೇ ಎಂಪಿ3 ಮಾಡಿ ಆಮೇಲೆ ಕತ್ತರಿಸುವುದು, ಕ್ಯೂ ಶೀಟ್ ಅಳಿಸಿಬಿಡುವುದು.

ಕೊನೆಯದನ್ನು ನಾನೇ ಮಾಡಿದ್ದೇನೆ. ಡಿಸ್ಕ್ ಕ್ಲೀನ್ ಮಾಡುವ ಹುಮ್ಮಸ್ಸಿನಲ್ಲಿ ಒಂದೆರಡು ಕೆಬಿಯ "ಕಸದ ಫೈಲ್"ಗಳನ್ನೆಲ್ಲ ಹುಡುಕಿ ಅಳಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಸುಮಾರು ನಲವತ್ತು ಆಲ್ಬಮ್ ಹೊಲಿಗೆಯೇ ಇಲ್ಲದ ಬಟ್ಟೆಯ ಥಾನಿನಂತಾಗಿದ್ದವು.

ಮೊದಲು ಪದಗಳ ಅರ್ಥ

ರಿಪ್ ಎಂದರೆ ಸಿಡಿಯಲ್ಲಿರುವ ಧ್ವನಿಯನ್ನು ಫೈಲಾಗಿ ಇಳಿಸಿಕೊಳ್ಳುವುದು. ಆಡಿಯೊ ಸಿಡಿಯಲ್ಲಿ ನಾವು ಅಂದುಕೊಂಡಂತೆ "ಫೈಲ್‌"ಗಳು ಇರುವುದಿಲ್ಲ. ಇರುವುದು ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಧಾರೆ, ಮತ್ತು ಯಾವ ಹಾಡು ಎಲ್ಲಿ ಶುರು ಎಂದು ಹೇಳುವ ಒಂದು ಪಟ್ಟಿ. ಈ ಗೊಂದಲ ಹುಟ್ಟುವುದೇ ಅಲ್ಲಿಂದ.

ಫ್ಲ್ಯಾಕ್ ಎಂದರೆ ಗುಣಮಟ್ಟ ಸ್ವಲ್ಪವೂ ಕಳೆಯದೆ ಧ್ವನಿಯನ್ನು ಒತ್ತಿಡುವ ಫೈಲ್ ಬಗೆ. ಬಟ್ಟೆ ಮಡಚಿ ಪೆಟ್ಟಿಗೆಯಲ್ಲಿಟ್ಟಂತೆ, ಬಿಡಿಸಿದರೆ ಅದೇ ಬಟ್ಟೆ. ಎಂಪಿ3 ಹಾಗಲ್ಲ. ಅದು ಕಿವಿಗೆ ಗೊತ್ತಾಗಲಿಕ್ಕಿಲ್ಲ ಅನಿಸಿದ್ದನ್ನು ಕತ್ತರಿಸಿ ಎಸೆಯುತ್ತದೆ. ಎಸೆದದ್ದು ವಾಪಸ್ ಬರುವುದಿಲ್ಲ.

ಕ್ಯೂ ಶೀಟ್ ಎಂದರೆ ಯಾವ ಹಾಡು ಎಲ್ಲಿ ಶುರು ಎಂದು ಹೇಳುವ ಆ ಪಟ್ಟಿಯದೇ ನಕಲು, ಒಂದು ಸಣ್ಣ ಪಠ್ಯ ಫೈಲ್. ಲಾಗ್ ಎಂದರೆ ಡಿಸ್ಕ್ ಓದುವಾಗ ಎಲ್ಲಿ ತೊಡಕಾಯಿತು ಎಂಬ ವರದಿ. ಟ್ಯಾಗ್ ಎಂದರೆ ಫೈಲಿನ ಒಳಗೇ ಬರೆದಿಟ್ಟ ಹಾಡಿನ ಹೆಸರು, ಗಾಯಕರು, ಆಲ್ಬಮ್ ಇತ್ಯಾದಿ. ಫೈಲಿನ ಹೆಸರೇ ಬೇರೆ, ಟ್ಯಾಗೇ ಬೇರೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏನೇನು ಬೇಕು

ಸಿಡಿ ಓದುವ ಡ್ರೈವ್ ಬೇಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ, ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಸಾಕು. ತಂತ್ರಾಂಶಗಳಲ್ಲಿ ವಿಂಡೋಸ್‌ಗೆ ಎಕ್ಸಾಕ್ಟ್ ಆಡಿಯೊ ಕಾಪಿ, ಮ್ಯಾಕ್‌ಗೆ ಎಕ್ಸ್‌ಎಲ್‌ಡಿ, ಲಿನಕ್ಸ್‌ಗೆ ವಿಪ್ಪರ್. ಕತ್ತರಿಸಲು, ಜೋಡಿಸಲು ವಿಂಡೋಸ್‌ನಲ್ಲಿ ಕ್ಯೂಟೂಲ್ಸ್ ಅಥವಾ ಫೂಬಾರ್2000. ಟ್ಯಾಗ್‌ಗೆ ಎಂಪಿ3ಟ್ಯಾಗ್. ಹೆಸರಲ್ಲಿ ಎಂಪಿ3 ಇದ್ದರೂ ಫ್ಲ್ಯಾಕ್‌ಗೂ ನಡೆಯುತ್ತದೆ. ಇವಕ್ಕೆ ಖರ್ಚೇನೂ ಇಲ್ಲ ಅನ್ನಬಹುದು.

ಜಾಗದ ಲೆಕ್ಕವೂ ಸುಲಭ. ಸಿಡಿ ಧ್ವನಿ ಸೆಕೆಂಡಿಗೆ 44,100 ಮಾದರಿ, ಪ್ರತಿಯೊಂದೂ 16 ಬಿಟ್, ಎರಡು ಚಾನೆಲ್. ಅಂದರೆ ನಿಮಿಷಕ್ಕೆ ಸುಮಾರು ಹತ್ತೂವರೆ ಎಂಬಿ. ಒಂದು ಗಂಟೆಯ ಡಿಸ್ಕಿಗೆ 635 ಎಂಬಿ ಹತ್ತಿರ ಬರುತ್ತದೆ. ಫ್ಲ್ಯಾಕ್ ಮಾಡಿದರೆ ಸಾಮಾನ್ಯವಾಗಿ ಅದರ ಅರ್ಧ ಅಥವಾ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಮುನ್ನೂರು ಡಿಸ್ಕಿದ್ದರೂ 120 ಜಿಬಿ ಆಸುಪಾಸು. "ಜಾಗ ಸಾಲಲ್ಲ, ಎಂಪಿ3ನೇ ಮಾಡ್ತೀನಿ" ಅನ್ನುವ ಕಾಲ ಹೋಯಿತು. ಒಂದೇ ಫೈಲ್ ಮಾಡಿದರೆ ಜಾಗ ಉಳಿಯುತ್ತದೆ ಎಂಬ ನಂಬಿಕೆಯೂ ಸುಳ್ಳು. ಎರಡೂ ಹೆಚ್ಚುಕಡಿಮೆ ಅಷ್ಟೇ.

ಹಂತ 1: ಕೈಯಲ್ಲಿರುವುದು ಯಾವ ಡಿಸ್ಕ್ ನೋಡಿ

ನಮ್ಮಲ್ಲಿ ಒಂದು ಕಾಲಕ್ಕೆ ಐವತ್ತು, ನೂರು ಹಾಡಿನ ಎಂಪಿ3 ಸಿಡಿಗಳು ಧಾರಾಳವಾಗಿ ಮಾರಾಟವಾದವು. ಅವು ಆಡಿಯೊ ಸಿಡಿಗಳಲ್ಲ. ಅದರಲ್ಲಿರುವುದು ಆಗಲೇ ಫೈಲ್‌ಗಳು. ಸುಮ್ನೆ ಕಾಪಿ ಮಾಡಿಕೊಳ್ಳಿ, ಮುಗಿಯಿತು. ಅವನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಫೈಲ್ ದಪ್ಪವಾಗುತ್ತದೆಯೇ ಹೊರತು ಧ್ವನಿ ಸುಧಾರಿಸುವುದಿಲ್ಲ.

ನಿಜವಾದ ಆಡಿಯೊ ಸಿಡಿಯಾದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಗುಂಡಗೆ ಅಲ್ಲ. ಗುಂಡಗೆ ಒರೆಸಿ ಗೀರು ಬಿದ್ದರೆ ಅದು ಧ್ವನಿ ಸಾಗುವ ದಾರಿಯುದ್ದಕ್ಕೂ ಬೀಳುತ್ತದೆ. ಅಡ್ಡ ಬಿದ್ದ ಗೀರನ್ನು ಡ್ರೈವ್ ಹೇಗೋ ದಾಟಿಕೊಳ್ಳುತ್ತದೆ, ಇದನ್ನು ದಾಟುವುದು ಕಷ್ಟ.

ಹಂತ 2: ಒಂದೇ ಫೈಲ್ ಬೇಕಾದ ಡಿಸ್ಕಾ ಇದು?

ಜನ ಒಂದೇ ಫೈಲ್ ಕಡೆ ವಾಲುವುದಕ್ಕೆ ಮುಖ್ಯ ಕಾರಣ, ಕಛೇರಿ ನಡುವೆ ಕಡಿದುಹೋಗುತ್ತದೆ ಎಂಬ ಭಯ. ಕರ್ನಾಟಕ ಸಂಗೀತದ ನೇರ ಕಛೇರಿಯ ಡಿಸ್ಕ್ ತೆಗೆದುಕೊಳ್ಳಿ. ರಾಗಾಲಾಪನೆ ಒಂದು ಟ್ರ್ಯಾಕ್, ಕೃತಿ ಇನ್ನೊಂದು, ತನಿ ಆವರ್ತನ ಮತ್ತೊಂದು. ವೇದಿಕೆಯಲ್ಲಿ ಅವರು ಎಲ್ಲೂ ನಿಂತಿಲ್ಲ, ತಂಬೂರಿ ನುಡಿಯುತ್ತಲೇ ಇದೆ. ಹಿಂದೂಸ್ತಾನಿಯಲ್ಲಿ ವಿಲಂಬಿತ್ ಮುಗಿದು ದ್ರುತ್ ಹಿಡಿಯುವ ಜಾಗವೂ ಹಾಗೆಯೇ. ಅಲ್ಲಿ ಕಾಲು ಸೆಕೆಂಡ್ ಮೌನ ಬಂದರೂ ಮೈ ಪರಚಿದ ಹಾಗಾಗುತ್ತದೆ.

ಆದರೆ ಈ ಮೌನ ತರುವುದು ಫೈಲನ್ನು ತುಂಡು ಮಾಡಿದ್ದಲ್ಲ, ಎಂಪಿ3. ಎಂಪಿ3 ಧ್ವನಿಯನ್ನು 1152 ಮಾದರಿಗಳ ಕಟ್ಟುಗಳಾಗಿ ತುಂಬುತ್ತದೆ. ಹಾಡು ಸರಿಯಾಗಿ ಕಟ್ಟಿನ ಅಂಚಿಗೆ ಮುಗಿಯದಿದ್ದರೆ ಉಳಿದ ಜಾಗಕ್ಕೆ ಮೌನ ತುರುಕುತ್ತದೆ. ಶುರುವಿನಲ್ಲೂ ಒಂದಿಷ್ಟು ಸೇರುತ್ತದೆ. ಎಷ್ಟು ಸೇರಿದೆ ಎಂದು ಲೇಮ್‌ನಂಥ ತಂತ್ರಾಂಶ ಫೈಲಿನಲ್ಲಿ ಬರೆದಿಡುತ್ತದೆ, ಆದರೆ ಎಲ್ಲ ಪ್ಲೇಯರ್‌ಗಳೂ ಅದನ್ನು ಓದುವುದಿಲ್ಲ. ಫ್ಲ್ಯಾಕ್‌ನಲ್ಲಿ ಈ ರಗಳೆ ಇಲ್ಲ. ಒಂದು ಟ್ರ್ಯಾಕ್ ಮುಗಿದ ಮಾದರಿಯ ಪಕ್ಕದ ಮಾದರಿಯೇ ಮುಂದಿನ ಟ್ರ್ಯಾಕಿನ ಮೊದಲನೆಯದು. ಪ್ಲೇಯರ್‌ನಲ್ಲಿ ಗ್ಯಾಪ್‌ಲೆಸ್ ಅಂದರೆ ಬಿಡುವಿಲ್ಲದೆ ನುಡಿಸುವ ಸೌಲಭ್ಯ ಇದ್ದರೆ ಸಾಕು. ಇದೆಯಾ ಇಲ್ಲವಾ ಅಂತ ಕಛೇರಿಯ ಒಂದು ಡಿಸ್ಕ್ ಹಾಕಿ ತಂಬೂರಿ ಕೇಳಿ, ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಒಂದೇ ಫೈಲ್ ಯಾವಾಗ? ಮುಂದೆ ಅದೇ ಸಿಡಿಯನ್ನು ಇದ್ದ ಹಾಗೇ ಮತ್ತೆ ಬರೆಯಬೇಕು ಅನ್ನುವವರಿಗೆ. ಮೊದಲ ಹಾಡಿಗೂ ಮುಂಚೆ ಧ್ವನಿ ಅಡಗಿಸಿಟ್ಟ ಡಿಸ್ಕುಗಳಿಗೆ. ಇವು ಅಪರೂಪ, ಒಂದನೇ ಟ್ರ್ಯಾಕ್ ಶುರುವಾದ ಕೂಡಲೇ ಹಿಂದಕ್ಕೆ ಓಡಿಸಿದರೆ ಮಾತ್ರ ಸಿಗುತ್ತವೆ. ಇನ್ನು ಹರಿಕಥೆ, ಯಕ್ಷಗಾನದ ಡಿಸ್ಕುಗಳು. ಟ್ರ್ಯಾಕ್‌ಗೆ ಹೆಸರೇ ಇಲ್ಲದೆ ಸುಮ್ನೆ ಐದೈದು ನಿಮಿಷಕ್ಕೊಂದು ಗೆರೆ ಎಳೆದಂತಿದ್ದರೆ ನಾನು ಒಂದೇ ಫೈಲ್ ಮಾಡುತ್ತೇನೆ. ನಡುವಿನಿಂದ ಅದನ್ನು ಯಾರೂ ಕೇಳುವುದಿಲ್ಲ.

ಒಂದೇ ಫೈಲಿನ ತೊಂದರೆಯೂ ಗೊತ್ತಿರಲಿ. ಫೋನಿನ ಬಹುಪಾಲು ಪ್ಲೇಯರ್‌ಗಳು, ಕಾರಿನ ಸ್ಟೀರಿಯೊ, ಮನೆಯ ಮೀಡಿಯಾ ಸರ್ವರ್‌ಗಳಲ್ಲಿ ಹಲವು ಕ್ಯೂ ಶೀಟ್ ಕಡೆ ತಿರುಗಿಯೂ ನೋಡುವುದಿಲ್ಲ. ಅಜ್ಜಿ ಆರನೇ ದೇವರನಾಮ ಹಾಕು ಅಂದರೆ ನೀವು ಬೆರಳಲ್ಲಿ ಎಳೆದು ಎಳೆದು ಹುಡುಕಬೇಕು.

ಹಂತ 3: ರಿಪ್ ಮಾಡಿ

ಎಕ್ಸಾಕ್ಟ್ ಆಡಿಯೊ ಕಾಪಿಯಲ್ಲಿ ಸೆಕ್ಯೂರ್ ಮೋಡ್ ಆರಿಸಿ. ವೇಗ ಕಡಿಮೆ, ಆದರೆ ಅನುಮಾನ ಬಂದ ಕಡೆ ಮತ್ತೆ ಮತ್ತೆ ಓದುತ್ತದೆ. ಅಕ್ಯುರೇಟ್‌ರಿಪ್ ಎಂಬುದನ್ನೂ ಆನ್ ಮಾಡಿ. ಅದೇ ಡಿಸ್ಕನ್ನು ಬೇರೆಯವರು ರಿಪ್ ಮಾಡಿದಾಗ ಬಂದ ಲೆಕ್ಕದ ಜೊತೆ ನಿಮ್ಮದನ್ನು ತಾಳೆ ನೋಡುವ ವ್ಯವಸ್ಥೆ ಅದು. ಕನ್ನಡದ ಎಷ್ಟೋ ಡಿಸ್ಕುಗಳು ಅಲ್ಲಿ ಇರುವುದೇ ಇಲ್ಲ. ಇಲ್ಲ ಅಂತ ಬಂದರೆ ರಿಪ್ ಕೆಟ್ಟಿದೆ ಎಂದಲ್ಲ. "ಟೆಸ್ಟ್ ಅಂಡ್ ಕಾಪಿ" ಆರಿಸಿ. ಪ್ರತಿ ಟ್ರ್ಯಾಕನ್ನೂ ಎರಡು ಸಲ ಓದುತ್ತದೆ. ಎರಡೂ ಸಲ ಓದಿದ ಧ್ವನಿಯಿಂದ ಲೆಕ್ಕ ಹಾಕಿದ ಸಿಆರ್‌ಸಿ ಸಂಖ್ಯೆ ಒಂದೇ ಬಂದರೆ ನೆಮ್ಮದಿಯಾಗಿರಿ.

ಹಾಡಿಗೊಂದು ಫೈಲ್ ಮಾಡುವವರು ಮೊದಲು ಗ್ಯಾಪ್ ಪತ್ತೆ ಮಾಡಿಸಿ, ಹಾಡುಗಳ ನಡುವಿನ ಬಿಡುವನ್ನು ಹಿಂದಿನ ಹಾಡಿನ ಬಾಲಕ್ಕೆ ಸೇರಿಸುವ ಆಯ್ಕೆ ಇಟ್ಟುಕೊಳ್ಳಿ. ಬಿಡುವನ್ನು ಕಿತ್ತೆಸೆಯುವ ಆಯ್ಕೆಯೂ ಇದೆ, ಅದನ್ನು ಮುಟ್ಟಬೇಡಿ. ಕಛೇರಿಯಲ್ಲಿ ಆ "ಬಿಡುವಿನಲ್ಲಿ" ಇರುವುದು ಚಪ್ಪಾಳೆ ಮತ್ತು ಶ್ರುತಿ. ಆಮೇಲೆ ಕ್ಯೂ ಶೀಟನ್ನೂ ಬರೆಸಿಕೊಳ್ಳಿ. ಒಂದೇ ಫೈಲ್ ಬೇಕಾದವರು "ಕಾಪಿ ಇಮೇಜ್ ಅಂಡ್ ಕ್ರಿಯೇಟ್ ಕ್ಯೂ ಶೀಟ್" ಒತ್ತಿದರೆ ಎರಡೂ ಒಟ್ಟಿಗೆ ಬರುತ್ತವೆ.

ಹಾಡಿನ ಹೆಸರು ತಾನಾಗಿ ಬರಲಿಲ್ಲ ಅಂತ ಬೇಜಾರು ಬೇಡ. ಹಳೇ ಆವೃತ್ತಿಗಳು ನಂಬಿಕೊಂಡಿದ್ದ, ಹಾಡಿನ ಹೆಸರುಗಳನ್ನು ಕೊಡುತ್ತಿದ್ದ ಅಂತರ್ಜಾಲದ ಭಂಡಾರ ಫ್ರೀಡಿಬಿ 2020ರಲ್ಲೇ ಮುಚ್ಚಿತು. ಹೊಸ ಆವೃತ್ತಿ ಹಾಕಿಕೊಂಡರೂ ಕನ್ನಡ ಡಿಸ್ಕಿಗೆ ಹೆಚ್ಚಿನ ಸಲ ಕೈಯಲ್ಲೇ ಟೈಪ್ ಮಾಡಬೇಕು.

ಹಂತ 4: ಕ್ಯೂ ಶೀಟನ್ನು ಒಮ್ಮೆ ತೆರೆದು ನೋಡಿ

ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಕಣ್ಣಿಗೆ ಬೀಳುವುದು ಇಂಗ್ಲಿಷ್ ಅಕ್ಷರಗಳಲ್ಲಿ, ಆದರೆ ಓದಿದರೆ ಇಷ್ಟೇ:

ಟ್ರ್ಯಾಕ್ 03 ಆಡಿಯೊ
ಇಂಡೆಕ್ಸ್ 00 11:42:60
ಇಂಡೆಕ್ಸ್ 01 11:45:10

ಮೊದಲೆರಡು ಅಂಕಿ ನಿಮಿಷ ಮತ್ತು ಸೆಕೆಂಡ್. ಕೊನೆಯದು ಸೆಕೆಂಡಿನ ನೂರರಲ್ಲಿ ಒಂದು ಭಾಗ ಅಲ್ಲ! ಅದು ಫ್ರೇಮ್. ಸಿಡಿಯಲ್ಲಿ ಸೆಕೆಂಡಿಗೆ 75 ಫ್ರೇಮ್. ಹಾಗಾಗಿ ಆ ಜಾಗದಲ್ಲಿ 74ಕ್ಕಿಂತ ದೊಡ್ಡ ಸಂಖ್ಯೆ ಬರುವ ಹಾಗಿಲ್ಲ. ಕೈಯಲ್ಲಿ ತಿದ್ದುವವರು ಎಡವುವುದು ಇಲ್ಲೇ. 00 ಎಂಬುದು ಬಿಡುವು ಶುರುವಾಗುವ ಜಾಗ, 01 ಹಾಡು ಶುರುವಾಗುವ ಜಾಗ. ಮೇಲಿನದರಲ್ಲಿ ಬಿಡುವು ಎರಡು ಸೆಕೆಂಡ್ 25 ಫ್ರೇಮ್.

ಮೇಲ್ಗಡೆ "ಫೈಲ್" ಎಂದು ಶುರುವಾಗುವ ಸಾಲು ಇರುತ್ತದೆ. ಅಲ್ಲಿರುವ ಹೆಸರು ಮತ್ತು ಫೋಲ್ಡರಿನಲ್ಲಿರುವ ಫೈಲಿನ ಹೆಸರು ಅಕ್ಷರ ಅಕ್ಷರವೂ ಒಂದೇ ಇರಬೇಕು. "ಕ್ಯೂ ಓಪನ್ ಆಗ್ತಿಲ್ಲ" ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಈ ಸಾಲನ್ನು. ಫೈಲಿಗೆ ಹೊಸ ಹೆಸರು ಕೊಟ್ಟಿರುತ್ತಾರೆ, ಅಥವಾ ವೇವ್ (ಧ್ವನಿಯನ್ನು ಒತ್ತದೆ ಇಟ್ಟ) ಫೈಲನ್ನು ಫ್ಲ್ಯಾಕ್ ಮಾಡಿ ಇಲ್ಲಿ ಹೆಸರಿನ ಬಾಲ (ಎಕ್ಸ್‌ಟೆನ್ಷನ್) ತಿದ್ದುವುದನ್ನು ಮರೆತಿರುತ್ತಾರೆ. ಆ ಸಾಲಿನ ಕೊನೆಯಲ್ಲಿ ವೇವ್ ಎಂಬ ಪದ ಪ್ರತ್ಯೇಕವಾಗಿ ಇದ್ದರೆ ಅದು ಹಾಗೇ ಇರಲಿ. ಫ್ಲ್ಯಾಕ್‌ಗೂ ಅದನ್ನೇ ಬರೆಯುವುದು ರೂಢಿ.

ಕ್ಯೂ ಶೀಟಿನಲ್ಲಿ ಕನ್ನಡ ಬರೆದಿದ್ದರೆ ಉಳಿಸುವಾಗ ಎನ್‌ಕೋಡಿಂಗ್ ಅಂದರೆ ಅಕ್ಷರ ಉಳಿಸುವ ಬಗೆಯಲ್ಲಿ ಯುಟಿಎಫ್-8 ಆರಿಸಿ. ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತದೆ. ವಿಂಡೋಸ್‌ನ ಆನ್ಸಿ ಕೋಷ್ಟಕಗಳಲ್ಲಿ ಕನ್ನಡಕ್ಕೆ ಜಾಗವನ್ನೇ ಕೊಟ್ಟಿಲ್ಲ. ಮುಚ್ಚಿದ ಮೇಲೆ ಆ ಹೆಸರುಗಳನ್ನು ಮರಳಿ ತರಲು ಆಗುವುದಿಲ್ಲ.

ಹಂತ 5: ಆಗಲೇ ಒಂದೇ ಫೈಲ್ ಇದೆ, ತುಂಡು ಮಾಡಬೇಕು

ಫೂಬಾರ್2000ನಲ್ಲಾದರೆ ಕ್ಯೂ ಫೈಲನ್ನು ಮಾತ್ರ ಎಳೆದು ಹಾಕಿ. ಪಕ್ಕದ ದೊಡ್ಡ ಫ್ಲ್ಯಾಕ್ ಫೈಲನ್ನೂ ಹಾಕಿದರೆ ಆಲ್ಬಮ್ ಎರಡೆರಡು ಸಲ ಕಾಣುತ್ತದೆ. ಹಾಡುಗಳ ಪಟ್ಟಿ ಬಂದ ಮೇಲೆ ಎಲ್ಲವನ್ನೂ ಆರಿಸಿ, ಬಲ ಕ್ಲಿಕ್ ಮಾಡಿ, ಕನ್ವರ್ಟ್‌ಗೆ ಹೋಗಿ, ಫ್ಲ್ಯಾಕ್ ಆರಿಸಿ. ಔಟ್‌ಪುಟ್ ಫೋಲ್ಡರ್ ಬೇರೆ ಕೊಡಿ. ಮ್ಯಾಕ್‌ನವರು ಎಕ್ಸ್‌ಎಲ್‌ಡಿಯಲ್ಲಿ ಕ್ಯೂ ತೆರೆದರೆ ಆಯಿತು. ಲಿನಕ್ಸ್‌ನಲ್ಲಿ ಫ್ಲ್ಯಾಕನ್ ಇದೇ ಕೆಲಸಕ್ಕೆ ಇರುವುದು. ಕ್ಯೂಟೂಲ್ಸ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ, ಅಕ್ಯುರೇಟ್‌ರಿಪ್ ತಾಳೆಯನ್ನೂ ನೋಡುತ್ತದೆ. ತುಂಬಾ ಡಿಸ್ಕ್ ಇರುವವರು ಅದನ್ನೇ ಕಲಿಯಿರಿ.

ಎಂಪಿ3 ಆಗಿರುವ ಒಂದೇ ಫೈಲ್ ಇದ್ದರೆ? ಆಗಲೇ ಹೇಳಿದ 1152ರ ಕಟ್ಟುಗಳಿಂದಾಗಿ ಸಿಡಿಯ ಗೆರೆ ಇದ್ದಲ್ಲೇ ಕತ್ತರಿ ಬೀಳುವುದಿಲ್ಲ. ಆಚೀಚೆ ಒಂದಿಷ್ಟು ಜರುಗುತ್ತದೆ. ಸಿನಿಮಾ ಹಾಡಿಗೆ ನಡೆಯುತ್ತದೆ, ಕಛೇರಿಗೆ ಬೇಡ. ಸಿಡಿ ಇನ್ನೂ ಇದ್ದರೆ ಮತ್ತೆ ರಿಪ್ ಮಾಡುವುದೇ ಮೇಲು.

ತುಂಡು ಮಾಡಿದ ಮೇಲೆ ಮೂಲ ಫೈಲನ್ನು ಅಳಿಸುವ ಮುಂಚೆ ಎರಡು ಕೆಲಸ ಮಾಡಿ. ತುಂಡುಗಳ ಒಟ್ಟು ಉದ್ದ ಮೂಲದಷ್ಟೇ ಇದೆಯಾ ನೋಡಿ. ಇಯರ್‌ಫೋನ್ ಹಾಕಿಕೊಂಡು ಎರಡು ಮೂರು ಸಂದುಗಳನ್ನು ಕೇಳಿ. ಹಾಡಿನ ಮೊದಲ ಅಕ್ಷರ ಹಿಂದಿನ ಫೈಲಿನ ಬಾಲದಲ್ಲಿ ಸಿಕ್ಕಿಕೊಂಡಿದ್ದರೆ ಆ ಕ್ಯೂ ಈ ರಿಪ್‌ದಲ್ಲ, ಬೇರೆ ಎಲ್ಲಿಂದಲೋ ಬಂದದ್ದು.

ಹಂತ 6: ಹೆಸರು ಮತ್ತು ಟ್ಯಾಗ್

ಸಮಯ ತಿನ್ನುವ ಹಂತ ಇದು, ಮತ್ತು ಅವಸರ ಮಾಡಿದರೆ ಆಮೇಲೆ ಪಶ್ಚಾತ್ತಾಪ ಪಡುವ ಹಂತವೂ ಇದೇ. ನನ್ನ ನಿಯಮ: ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಟ್ಯಾಗ್ ಕನ್ನಡದಲ್ಲಿ. ಕನ್ನಡಾಭಿಮಾನ ಕಡಿಮೆಯಾಗಿ ಅಲ್ಲ. ಲಿನಕ್ಸ್‌ನಲ್ಲಿ ಒಂದು ಫೈಲಿನ ಹೆಸರಿಗೆ ಸಿಗುವುದು 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. "ಶ್ರೀ" ಎಂದು ಬರೆದರೆ ನಾಲ್ಕು ಚಿಹ್ನೆ, ಅಲ್ಲಿಗೆ 12 ಬೈಟ್ ಖಾಲಿ. ಉದ್ದನೆಯ ದೇವರನಾಮದ ಮೊದಲ ಸಾಲನ್ನೇ ಹೆಸರಾಗಿಟ್ಟರೆ ಕಾಪಿ ಮಾಡುವಾಗ ಕೈಕೊಡುತ್ತದೆ. ಟ್ಯಾಗ್‌ಗೆ ಈ ಮಿತಿ ಇಲ್ಲ. ವಿಂಡೋಸ್‌ನಲ್ಲಿ ಫೈಲಿನ ಹೆಸರಿಗೆ ಪ್ರಶ್ನೆ ಚಿಹ್ನೆ, ಕೋಲನ್, ಓರೆ ಗೆರೆ ಹಾಕುವ ಹಾಗೂ ಇಲ್ಲ.

ಟ್ರ್ಯಾಕ್ ಸಂಖ್ಯೆಯನ್ನು 01, 02 ಎಂದೇ ಬರೆಯಿರಿ. 1, 2 ಎಂದು ಬರೆದರೆ ಕೆಲವು ಸ್ಟೀರಿಯೊಗಳಲ್ಲಿ 1 ಆದ ಮೇಲೆ 10 ಬರುತ್ತದೆ. ಇಲ್ಲಿ ಕನ್ನಡ ಅಂಕಿ ಬೇಡ, ಪ್ಲೇಯರ್ ಅದನ್ನು ಸಂಖ್ಯೆ ಅಂತ ತಿಳಿಯದೇ ಹೋಗಬಹುದು.

ಸಿನಿಮಾ ಆಲ್ಬಮ್ಮಿನಲ್ಲಿ ಹಾಡಿಗೊಬ್ಬ ಗಾಯಕರು. "ಆಲ್ಬಮ್ ಆರ್ಟಿಸ್ಟ್" ಎಂಬ ಟ್ಯಾಗ್ ಖಾಲಿ ಬಿಟ್ಟರೆ ಫೋನ್ ಒಂದೇ ಚಿತ್ರವನ್ನು ನಾಲ್ಕೈದು ಚೂರು ಮಾಡಿ ತೋರಿಸುತ್ತದೆ. ಅಲ್ಲಿ ಎಲ್ಲ ಹಾಡಿಗೂ ಒಂದೇ ಹೆಸರು ಕೊಡಿ. ನಾನು ಸಂಗೀತ ನಿರ್ದೇಶಕರ ಹೆಸರು ಹಾಕುತ್ತೇನೆ. ರಾಜನ್-ನಾಗೇಂದ್ರ ಅಂತ ಹುಡುಕಿದರೆ ಅವರ ಚಿತ್ರಗಳೆಲ್ಲ ಸಾಲಾಗಿ ಬರಬೇಕು, ಅಲ್ವಾ? ಭಾವಗೀತೆಯಲ್ಲಿ ಕವಿಯನ್ನು "ಲಿರಿಸಿಸ್ಟ್" ಟ್ಯಾಗಿನಲ್ಲಿ ಹಾಕಲೇಬೇಕು. ಬೇಂದ್ರೆಯವರ ಕವಿತೆಗಳನ್ನೆಲ್ಲ ಒಟ್ಟಿಗೆ ಕೇಳಬೇಕು ಅನ್ನಿಸುವ ದಿನ ಬಂದೇ ಬರುತ್ತದೆ. ಈ ಮಾಹಿತಿ ಸಿಗುವುದು ಸಿಡಿ ಡಬ್ಬಿಯ ಒಳಗಿನ ಕಾಗದದಲ್ಲಿ, ಅದನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿಗೆ ಹಾಕಿ.

ಹೆಸರಿನ ಕಾಗುಣಿತ ಒಂದೇ ರೀತಿ ಇರಲಿ. ಎಸ್ಪಿಬಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್ ಪಿ ಬಾಲಸುಬ್ರಮಣ್ಯಂ, ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಜನ. ಇದಕ್ಕಿಂತ ಕಾಡುವುದು ಕಣ್ಣಿಗೆ ಕಾಣದ ಅಕ್ಷರ. "ರಾಜ್‌ಕುಮಾರ್" ಎಂದು ಬಿಡಿಸಿ ಬರೆಯಲು ಜ ಮತ್ತು ಕ ನಡುವೆ ಅಗೋಚರ ಚಿಹ್ನೆಯೊಂದು ಬೀಳುತ್ತದೆ. ಅದಿಲ್ಲದೆ ಬರೆದರೆ "ರಾಜ್ಕುಮಾರ್" ಆಗಿ ಒತ್ತಕ್ಷರ ಬರುತ್ತದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದೇ ಹೋಗಬಹುದು. ಹೆಸರುಗಳ ಪಟ್ಟಿಯೊಂದನ್ನು ಪಠ್ಯ ಫೈಲಿನಲ್ಲಿಟ್ಟುಕೊಂಡು ಅಲ್ಲಿಂದಲೇ ಕಾಪಿ ಮಾಡಿ ಅಂಟಿಸಿ.

ಒಂದೇ ಡಿಸ್ಕಿನಲ್ಲಿ ಎರಡು ಚಿತ್ರ ಇರುವ ಸಿಡಿಗಳು ನಮ್ಮಲ್ಲಿ ಬೇಕಾದಷ್ಟು. ಇವನ್ನು ಒಂದೇ ಫೈಲ್ ಮಾಡಲೇಬೇಡಿ. ಫೋಲ್ಡರ್ ಡಿಸ್ಕಿಗೊಂದೇ ಇರಲಿ, ಕ್ಯೂ ಮತ್ತು ಲಾಗ್ ಕೂಡ ಅಲ್ಲೇ. ಆಲ್ಬಮ್ ಟ್ಯಾಗ್ ಮಾತ್ರ ಬದಲಿಸಿ, ಮೊದಲ ಐದಕ್ಕೆ ಒಂದು ಚಿತ್ರದ ಹೆಸರು, ಉಳಿದ ಐದಕ್ಕೆ ಇನ್ನೊಂದು. ಪ್ಲೇಯರ್‌ಗಳು ಸಾಮಾನ್ಯವಾಗಿ ಟ್ಯಾಗ್ ನೋಡಿ ಗುಂಪು ಮಾಡುತ್ತವೆ, ಫೋಲ್ಡರ್ ನೋಡಿ ಅಲ್ಲ. ತಿರುಗಾಮುರುಗಾ ಸಮಸ್ಯೆ ಎರಡು ಮೂರು ಡಿಸ್ಕಿನ ಪ್ರಸಂಗಗಳದ್ದು. ಅಲ್ಲಿ ಆಲ್ಬಮ್ ಹೆಸರು ಒಂದೇ ಇಟ್ಟು "ಡಿಸ್ಕ್ ನಂಬರ್" ಟ್ಯಾಗಿನಲ್ಲಿ 1, 2, 3 ಹಾಕಿ.

ಹಂತ 7: ಎರಡನೇ ಪ್ರತಿ, ಕಾರಿನ ಪ್ರತಿ

ಎಲ್ಲ ಮುಗಿದ ಮೇಲೆ ಇನ್ನೊಂದು ಹಾರ್ಡ್ ಡಿಸ್ಕಿಗೆ ಪೂರ್ತಿ ಕಾಪಿ ಮಾಡಿ, ಆಗಾಗ ತೆಗೆದು ನೋಡಿ. ಫ್ಲ್ಯಾಕ್ ಫೈಲಿನೊಳಗೆ ಧ್ವನಿಯ ಎಂಡಿ5 ಗುರುತು ಇರುತ್ತದೆ. ಫ್ಲ್ಯಾಕ್ ತಂತ್ರಾಂಶದ ಟೆಸ್ಟ್ ಆಯ್ಕೆ ಕೊಟ್ಟರೆ ಫೈಲ್ ಕೆಟ್ಟಿದೆಯಾ ಇಲ್ಲವಾ ಹೇಳಿಬಿಡುತ್ತದೆ.

ಕಾರಿಗೆ ಬೇರೆಯೇ ಪ್ರತಿ ಮಾಡಿ. ಪೆನ್ ಡ್ರೈವ್ ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ್ದು, ಹಾಡುಗಳು ಫ್ಲ್ಯಾಕ್‌ನಿಂದ ಮಾಡಿದ ಎಂಪಿ3, ಟ್ಯಾಗ್ ಇಂಗ್ಲಿಷ್. ಹಲವು ಸ್ಟೀರಿಯೊಗಳು ಕನ್ನಡವನ್ನು ಚೌಕ ಡಬ್ಬಿಗಳಾಗಿ ತೋರಿಸುತ್ತವೆ. ಇದು ಹಾಳಾದರೆ ಮತ್ತೆ ಮಾಡಿಕೊಂಡರಾಯಿತು. ಮೂಲ ಪ್ರತಿ ಮಾತ್ರ ಮನೆ ಬಿಟ್ಟು ಹೋಗದಿರಲಿ, ವಾಟ್ಸಾಪ್ ಗುಂಪಿಗಂತೂ ಬೇಡ.

ಕ್ಯಾಸೆಟ್ ಇರುವವರಿಗೆ

ಕ್ಯಾಸೆಟ್‌ನಲ್ಲಿ ಸಿಡಿಯಂತೆ ಹಾಡು ಶುರುವಾಗುವ ಜಾಗದ ಪಟ್ಟಿಯೇ ಇಲ್ಲ. ಹಾಗಾಗಿ ಇಲ್ಲಿ ಮೂಲ ಪ್ರತಿ ಒಂದು ಬದಿಗೆ ಒಂದು ಫೈಲ್. 60ರ ಕ್ಯಾಸೆಟ್‌ಗೆ ಬದಿಗೆ ಅರ್ಧ ಗಂಟೆ, 90ಕ್ಕೆ ಮುಕ್ಕಾಲು ಗಂಟೆ. ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಿ, ಹಾಡು ಶುರುವಾಗುವ ಜಾಗದಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಬಿ ಒತ್ತಿದರೆ ಒಂದು ಲೇಬಲ್ ಬೀಳುತ್ತದೆ. ಅದರಲ್ಲಿ ಹಾಡಿನ ಹೆಸರು ಬರೆಯಿರಿ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಲೇಬಲ್ ಪ್ರಕಾರ ಹಲವು ಫೈಲ್ ಮಾಡುವ ಆಯ್ಕೆ ಕೊಡಿ. ಲೇಬಲ್‌ಗಳನ್ನೂ ಪ್ರತ್ಯೇಕ ಪಠ್ಯ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಕ್ಯಾಸೆಟ್‌ನ ಕ್ಯೂ ಶೀಟ್ ಅಂದರೆ ಅದೇ. ಅದೂ ಒಂದೆರಡು ಕೆಬಿಯ ಫೈಲೇ, ನನ್ನ ಹಾಗೆ ಗುಡಿಸಿ ಹಾಕಬೇಡಿ.